ಒಪ್ಪತ್ತು

ಬೆಳಿಗ್ಗೆ ಒಂಬತ್ತೂವರೆಯೊಳಗೆ ನಮ್ಮ ಮನೆಯ ಬಾಗಿಲು ಮೂರು ಸಲ ಮುಚ್ಚುತ್ತದೆ. ಮೊದಲು ಮೊಮ್ಮಗಳ ಶಾಲೆಯ ಬಸ್ಸು, ಆಮೇಲೆ ಮಗ, ಕೊನೆಗೆ ಸೊಸೆ. ಅಲ್ಲಿಂದ ಮಧ್ಯಾಹ್ನ ಮೂರೂವರೆಗೆ ಮೊಮ್ಮಗಳು ಬರುವ ತನಕ ಪುಣೆಯ ವಾಕಡದ ಈ ಹದಿಮೂರನೆಯ ಮಹಡಿಯ ಮನೆಯಲ್ಲಿ ನಾನೊಬ್ಬಳೇ. ಹನ್ನೊಂದರ ಸುಮಾರಿಗೆ ಒಂದು ಲೋಟ ಚಹಾ ಬೇಕೆನ್ನಿಸುತ್ತದೆ. ಅಡುಗೆಮನೆಗೆ ಹೋಗುತ್ತೇನೆ. ಹೋಗಿ, ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ. ಮ್ಯೂಸಿಯಮ್ಮಿನಲ್ಲಿ ‘ಮುಟ್ಟಬೇಡಿ’ ಎಂಬ ಫಲಕದ ಮುಂದೆ ನಿಲ್ಲುತ್ತೇವಲ್ಲ, ಹಾಗೆ.

ಕಟ್ಟೆಯ ಮೇಲೆ ಕನ್ನಡಿಯಂಥ ಕಪ್ಪು ಗಾಜು. ಅದೇ ಒಲೆ. ನಮ್ಮ ಸೊಸೈಟಿಗೆ ಪೈಪ್ ಗ್ಯಾಸು ಇನ್ನೂ ಬಂದಿಲ್ಲ, ಸಿಲಿಂಡರಿನ ರಗಳೆ ಬೇಡವೆಂದು ಮಗ–ಸೊಸೆ ಇಂಡಕ್ಷನ್ನನ್ನೇ ಕೂರಿಸಿದ್ದಾರೆ. ಅದರ ಮೇಲೆ ಚಿಮಣಿ. ಅದಕ್ಕೆ ಗುಂಡಿಯಿಲ್ಲ, ಮುಂದೆ ಕೈ ಬೀಸಿದರೆ ಶುರುವಾಗುತ್ತದೆ. ಡಬ್ಬಿ ತೆಗೆಯಲು ನಾನು ಕೈ ಎತ್ತಿದರೂ ಶುರುವಾಗುತ್ತದೆ. ಗೋಡೆಯೊಳಗೆ ಹುದುಗಿಸಿದ ಮೈಕ್ರೊವೇವ್. ಅದರ ಮೈಮೇಲೆ ಅಲೆ, ಫ್ಯಾನು, ಹಿಮದ ಹರಳು ಅಂತ ಸಾಲಾಗಿ ಚಿತ್ರಗಳು, ಅಕ್ಷರ ಮಾತ್ರ ಒಂದೂ ಇಲ್ಲ. ಕೆಳಗೆ ಪಾತ್ರೆ ತೊಳೆಯುವ ಯಂತ್ರ. ಅದಕ್ಕೂ ಉಪ್ಪು ಹಾಕಬೇಕಂತೆ! ಬಂದ ಹೊಸತರಲ್ಲಿ ನಾನು ಅಡುಗೆಯ ಉಪ್ಪಿನ ಡಬ್ಬಿ ಹಿಡಿದುಕೊಂಡು ಹೋಗಿದ್ದೆ. ‘ಆಯಿ, ಅದಕ್ಕೆ ಬೇರೆ ಉಪ್ಪು’ ಎಂದು ಸೊಸೆ ಮೆತ್ತಗೆ ಡಬ್ಬಿ ಇಸಿದುಕೊಂಡಳು. ಬೋರ್‌ವೆಲ್ಲಿನ ಗಡಸು ನೀರನ್ನು ಮೆದು ಮಾಡಲಿಕ್ಕೆ ಅದು ಬೇಕಾಗುತ್ತದೆಂದು ಆಮೇಲೆ ತಿಳಿಯಿತು.

ನಾನು ಓದುಬರಹ ಬಾರದವಳಲ್ಲ. ಗದಗಿನಲ್ಲಿ ಬಿ.ಕಾಂ. ಮುಗಿಸಿ, 1983ರಲ್ಲಿ ಮದುವೆಯಾಗಿ ಡೊಂಬಿವಲಿಗೆ ಬಂದು, ಮುಂಬೈಯ ಫೋರ್ಟಿನ ಒಂದು ಆಫೀಸಿನಲ್ಲಿ ಮೂವತ್ತೈದು ವರ್ಷ ಲೆಕ್ಕ ಬರೆದವಳು. ತೊಂಬತ್ತರ ದಶಕದಲ್ಲಿ ಮೇಜಿನ ಮೇಲಿನ ಲೆಡ್ಜರು ಹೋಗಿ ಕಂಪ್ಯೂಟರು ಬಂದಾಗ, ಗಂಡಸರು ಕೆಲವರು ರಜೆ ಹಾಕಿ ತಪ್ಪಿಸಿಕೊಂಡರೂ ನಾನು ಕೂತು ಕಲಿತೆ. ಈಗ ತರಕಾರಿಯವನಿಗೆ ಫೋನಿನಿಂದಲೇ ದುಡ್ಡು ಕಳಿಸುತ್ತೇನೆ. ಅಂಥವಳಿಗೆ ಒಂದು ಒಲೆಯ ಭಯವೇ?

ಯಂತ್ರಗಳೆಂದರೆ ನನಗೆ ವೈರವೂ ಇಲ್ಲ. ಡೊಂಬಿವಲಿಯ ನನ್ನ ಅಡುಗೆಮನೆಯಲ್ಲಿ ಒಂದು ಸುಮೀತ್ ಮಿಕ್ಸರ್ ಇತ್ತು. ಅದರ ಕತೆಯೇ ಒಂದು ಸಂಸಾರದ ಕತೆ. ಮುಂಬೈಯ ಮಾಥುರ್ ಎಂಬ ಎಂಜಿನಿಯರರ ಮನೆಯಲ್ಲಿ ಜರ್ಮನಿಯ ಮಿಕ್ಸರ್ ಕೆಟ್ಟಿತು, ರಿಪೇರಿ ಆಗಲಿಲ್ಲ. ಹೆಂಡತಿಗಾಗಿ ನಮ್ಮ ರುಬ್ಬುವಿಕೆಯನ್ನು ತಾಳಿಕೊಳ್ಳುವ ಯಂತ್ರವೊಂದನ್ನು ಅವರು ತಾವೇ ಮಾಡಲು ಹೊರಟರು. 1960ರ ದಶಕದಲ್ಲಿ ಅದು ಸುಮೀತ್ ಆಗಿ ಮನೆಮನೆಗೆ ಬಂತು. ಅದಕ್ಕಿದ್ದುದು ತಿರುಗಿಸುವ ಒಂದು ಗುಂಡಿ: ಒಂದು, ಎರಡು, ಮೂರು. ಕಡಲೆಬೇಳೆ ಜಾಸ್ತಿ ತುರುಕಿದರೆ ಗೊರ್ ಎಂದು ನಿಂತುಬಿಡುತ್ತಿತ್ತು. ಬುಡದ ಕೆಂಪು ಗುಂಡಿ ಒತ್ತಿದರೆ ಮತ್ತೆ ಜೀವ. ಎಲ್ಲಿ ತಪ್ಪಾಯಿತು ಎನ್ನುವುದು ಅದರ ದನಿಯಲ್ಲೇ ಗೊತ್ತಾಗುತ್ತಿತ್ತು. ಇಪ್ಪತ್ತೆರಡು ವರ್ಷ ಅದು ನನ್ನ ಜೊತೆ ಬಾಳಿತು.

ಈಗಿನ ಒಲೆ ದನಿಗೀನಿ ಮಾಡುವುದಿಲ್ಲ, ಕೂಗುತ್ತದೆ. ಪಾತ್ರೆ ಇಡದೆ ಒತ್ತಿದರೆ ಕೂಗು, ಇಟ್ಟ ಪಾತ್ರೆ ಅದಕ್ಕೆ ಸೇರದಿದ್ದರೆ ಕೂಗು, ಉಕ್ಕಿದ ಹಾಲು ಗುಂಡಿಗಳ ಮೇಲೆ ಹರಿದರೆ ಕೂಗು. ಯಾಕೆ ಕೂಗುತ್ತಿದೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ತರಗತಿಯಲ್ಲಿ ಕಾರಣ ಹೇಳದೆ ಎದ್ದು ನಿಲ್ಲಿಸುತ್ತಿದ್ದ ಮಾಸ್ತರರ ನೆನಪಾಗುತ್ತದೆ. ಇನ್ನೊಂದು ಅದರ ಸ್ವಭಾವ: ಒದ್ದೆ ಬೆರಳನ್ನು ಅದು ಗುರುತಿಸುವುದೇ ಇಲ್ಲ. ಅಡುಗೆಮನೆಯಲ್ಲಿ ಹೆಂಗಸಿನ ಕೈ ಒಣಗಿರುವುದು ಯಾವಾಗ? ಅಕ್ಕಿ ತೊಳೆದ ಕೈ, ಕೊತ್ತಂಬರಿ ಸೋಸಿದ ಕೈ, ನಲ್ಲಿಯ ಕೆಳಗಿನಿಂದ ಈಗಷ್ಟೇ ತೆಗೆದ ಕೈ. ಸೆರಗಿಗೆ ಒರೆಸಿಕೊಂಡು ಒತ್ತಬೇಕು, ಆಗಲೂ ಎರಡು ಸಲ.

ಅದು ಕೆಲಸ ಮಾಡುವ ರೀತಿಯನ್ನು ಮಗ ಒಂದು ಭಾನುವಾರ ಕೂರಿಸಿ ಹೇಳಿದ. ಗಾಜಿನ ಕೆಳಗೆ ತಾಮ್ರದ ತಂತಿಯ ಸುರುಳಿ ಇದೆ, ಅದರಲ್ಲಿ ವಿದ್ಯುತ್ತು ಹರಿದು ದಿಕ್ಕು ಬದಲಿಸುತ್ತಿರುತ್ತದೆ, ಅದರಿಂದ ಹುಟ್ಟುವ ಕಾಂತಶಕ್ತಿ ಪಾತ್ರೆಯ ತಳದಲ್ಲೇ ವಿದ್ಯುತ್ತನ್ನು ಸುಳಿಸುತ್ತದೆ, ಹಾಗಾಗಿ ಕಾಯುವುದು ಪಾತ್ರೆಯೇ ಹೊರತು ಒಲೆಯಲ್ಲ. ನನಗೆ ಅರ್ಥವಾಯಿತು. ಅರ್ಥವಾದದ್ದರಿಂದ ಧೈರ್ಯ ಬರಲಿಲ್ಲ. ಒಲೆ ಕಾಯದೆ ಪಾತ್ರೆ ಕಾಯುವುದೆಂದರೆ ನಾನು ಕಣ್ಣಿಡಬೇಕಾದದ್ದು ಎಲ್ಲಿ? ಉರಿ ಸಣ್ಣದಾಯಿತೋ ದೊಡ್ಡದಾಯಿತೋ ಎಂದು ಬಗ್ಗಿ ನೋಡಲು ಉರಿಯೇ ಇಲ್ಲ. ಗಾಜಿನ ಮೇಲೆ 1200 ಎಂದೋ 1600 ಎಂದೋ ಅಂಕಿ ಬರುತ್ತದೆ. ಒಗ್ಗರಣೆಗೆ ಎಷ್ಟು ವ್ಯಾಟು, ಹಾಲು ಕೆನೆಗಟ್ಟಲಿಕ್ಕೆ ಎಷ್ಟು ವ್ಯಾಟು ಎಂದು ನನ್ನ ಅವ್ವ ನನಗೆ ಹೇಳಿಕೊಟ್ಟಿರಲಿಲ್ಲ.

ಆ ಒಲೆಗೆ ಆಗುವ ಪಾತ್ರೆ ಯಾವುದು, ಆಗದ್ದು ಯಾವುದು ಎಂದು ಪರೀಕ್ಷೆ ನಡೆಸಿದ್ದು ಮೊಮ್ಮಗಳು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಗೋವಾದ ಹಡಗಿನ ಆಯಸ್ಕಾಂತವನ್ನು ಕಿತ್ತುಕೊಂಡು, ಡೊಂಬಿವಲಿಯಿಂದ ನಾನು ತಂದಿದ್ದ ಪಾತ್ರೆಗಳ ತಳಕ್ಕೆ ಒಂದೊಂದಾಗಿ ಹಚ್ಚುತ್ತಾ ಹೋದಳು. ಅಂಟಿದರೆ ಪಾಸ್, ಜಾರಿದರೆ ಫೇಲ್. ಹಳೆಯ ಅಲ್ಯುಮಿನಿಯಮ್ ಕುಕ್ಕರ್ ಫೇಲ್. ಹಾಲಿನ ಪಾತೇಲಿ ಫೇಲ್. ಅತ್ತೆಯವರು ಊರಿನಿಂದ ತಂದಿದ್ದ ಹಿತ್ತಾಳೆಯ ಬೋಗುಣಿ ಫೇಲ್. ರೊಟ್ಟಿಯ ಕಬ್ಬಿಣದ ಹಂಚು ಮಾತ್ರ ಹಡಗನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ‘ಅಜ್ಜಿ, ಇದು ಫಸ್ಟ್ ಕ್ಲಾಸ್’ ಎಂದಳು. ಆದರೆ ಹಂಚಿನ ತಳ ಬಾಗಿದೆ, ಸಪಾಟಾದ ಗಾಜಿನ ಮೇಲೆ ನಡುವಷ್ಟೇ ತಾಗಿ ನಡುವಷ್ಟೇ ಕಾಯುತ್ತದೆ. ಮೇಲಾಗಿ ಜೋಳದ ರೊಟ್ಟಿಯನ್ನು ಕೊನೆಗೆ ಉರಿಗೆ ಹಿಡಿದರಲ್ಲವೇ ಅದು ಉಬ್ಬುವುದು? ಹಂಚು ಪಾಸಾಗಿಯೂ ನೌಕರಿ ಸಿಗದವರ ಹಾಗೆ ಮೂಲೆಯಲ್ಲಿ ನಿಂತಿದೆ.

ಮೈಕ್ರೊವೇವಿನದು ಇನ್ನೊಂದು ತರಲೆ. ಅದರಲ್ಲಿ ಸ್ಟೀಲಿನ ಪಾತ್ರೆ ಇಡಬಾರದು, ಕಿಡಿ ಹಾರುತ್ತದೆ. ಆದರೆ ಅದೇ ಪೆಟ್ಟಿಗೆಯನ್ನು ಫ್ಯಾನಿನ ಚಿತ್ರಕ್ಕೆ ತಿರುಗಿಸಿದರೆ ಲೋಹದ ತಟ್ಟೆ ಇಡಬಹುದು, ಆಗ ಪ್ಲಾಸ್ಟಿಕ್ ಇಡಬಾರದು. ಅಲೆಯ ಚಿತ್ರಕ್ಕೆ ತಿರುಗಿಸಿದರೆ ಮತ್ತೆ ಉಲ್ಟಾ. 1945ರ ಸುಮಾರಿಗೆ ಅಮೆರಿಕದಲ್ಲಿ ರೇಡಾರಿನ ಕೆಲಸ ಮಾಡುತ್ತಿದ್ದ ಪರ್ಸಿ ಸ್ಪೆನ್ಸರ್ ಎಂಬಾತನ ಜೇಬಿನೊಳಗಿನ ಚಾಕಲೇಟು ಕರಗಿತಂತೆ, ಅದರಿಂದ ಈ ಯಂತ್ರ ಹುಟ್ಟಿತಂತೆ. ಮೊಮ್ಮಗಳು ಇದನ್ನು ಹೇಳಿದಾಗ ನನಗೆ ಅನ್ನಿಸಿದ್ದು, ಇದು ಒಲೆಯಾಗಬೇಕೆಂದು ಹುಟ್ಟಿದ್ದೇ ಅಲ್ಲ, ಯುದ್ಧಕ್ಕೆ ಹೊರಟಿದ್ದು ದಾರಿ ತಪ್ಪಿ ಅಡುಗೆಮನೆಗೆ ಬಂದಿದೆ ಎಂದು.

ಇಷ್ಟೆಲ್ಲ ನಗೆಯಾಡಿದರೂ ನಿಜವಾದ ಭಯ ಯಂತ್ರದ್ದಲ್ಲ. ಕೆಟ್ಟುಹೋದರೆ ಸಾವಿರಗಟ್ಟಲೆ ದುಡ್ಡಾಗುತ್ತದೆಂಬ ಅಳುಕು ಇದೆ, ಸುಳ್ಳಲ್ಲ. ಅದಕ್ಕಿಂತ ದೊಡ್ಡದು, ‘ಇರಲಿ ಬಿಡಿ ಆಯಿ, ನಾನು ಮಾಡ್ತೀನಿ’ ಎಂಬ ಮಾತಿನ ಭಯ. ಸೊಸೆ ಸಾತಾರಾದ ಹುಡುಗಿ, ಪ್ರೀತಿಯಿಂದಲೇ ಹೇಳುತ್ತಾಳೆ. ಆದರೆ ಆ ‘ಇರಲಿ ಬಿಡಿ’ ಒಂದು ಸಲ ಬಂತೆಂದರೆ ಆ ಕೆಲಸ ನನ್ನ ಕೈಯಿಂದ ಹೋಯಿತೆಂದೇ ಅರ್ಥ. ಮೊದಲು ಪಾತ್ರೆ ತೊಳೆಯುವುದು ಹೋಯಿತು, ಆಮೇಲೆ ಸಂಜೆಯ ಅಡುಗೆ ಹೋಯಿತು. ಯಜಮಾನರು ಹೋಗಿ ಮೂರು ವರ್ಷ, ನಾನು ಡೊಂಬಿವಲಿಯ ಮನೆ ಬಿಟ್ಟು ಇಲ್ಲಿಗೆ ಬಂದು ಒಂದು ವರ್ಷ. ಉಳಿದಿರುವುದು ಹನ್ನೊಂದು ಗಂಟೆಯ ಚಹಾ, ಮಧ್ಯಾಹ್ನದ ನನ್ನೊಬ್ಬಳ ಊಟ. ಅಷ್ಟನ್ನಾದರೂ ಉಳಿಸಿಕೊಳ್ಳಬೇಕು.

ಒಮ್ಮೆ ಒಲೆ ಹೊತ್ತದಿದ್ದಾಗ ಮಗನಿಗೆ ಫೋನ್ ಮಾಡಿದ್ದೆ. ಮೀಟಿಂಗಿನಿಂದ ಎದ್ದು ಬಂದು ಪಿಸುಗುಟ್ಟುತ್ತಾ ಮಾತಾಡಿದ. ‘ಅಮ್ಮಾ, ಮೊನ್ನೇನ ತೋರಿಸಿದ್ನೆಲ್ಲಾ?’ ತೋರಿಸಿದ್ದು ಹೌದು. ಟಪ ಟಪ ಟಪ ಎಂದು ನಾಲ್ಕು ಕಡೆ ಒತ್ತಿ ‘ಇಷ್ಟ ನೋಡು’ ಅಂದಿದ್ದ. ಅವನ ಬೆರಳು ಹೋದ ದಾರಿಯನ್ನು ನನ್ನ ಕಣ್ಣು ಹಿಡಿಯುವಷ್ಟರಲ್ಲಿ ಮುಗಿದಿತ್ತು. ಅವನ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಆದರೂ ಆಮೇಲೆ ನಾನು ಒಲೆಯ ವಿಷಯಕ್ಕೆ ಅವನಿಗೆ ಫೋನ್ ಮಾಡಲಿಲ್ಲ.

ಕಳೆದ ಶ್ರಾವಣದ ಒಂದು ಸೋಮವಾರ. ಎಲ್ಲರೂ ಹೊರಟುಹೋದರು. ಹನ್ನೊಂದಕ್ಕೆ ಚಹಾದ ಪಾತ್ರೆಗೆ ನೀರು ಹಾಕಿ, ಕೈ ಒರೆಸಿಕೊಂಡು ಗುಂಡಿ ಒತ್ತಿದೆ. ಗಾಜಿನ ಮೇಲೆ ಎಂದಿನ ಅಂಕಿ ಬರಲಿಲ್ಲ. ಇಂಗ್ಲಿಷಿನ ‘ಎಲ್’ ಅಕ್ಷರ ಬಂತು. ಮತ್ತೆ ಒತ್ತಿದೆ, ಮತ್ತೆ ಎಲ್. ಗೋಡೆಯ ಸ್ವಿಚ್ಚು ಆರಿಸಿ ಹಚ್ಚಿದೆ. ಎಲ್. ಪಾತ್ರೆ ಬದಲಿಸಿದೆ, ಗಾಜು ಒರೆಸಿದೆ, ಹತ್ತು ನಿಮಿಷ ಬಿಟ್ಟು ಬಂದೆ. ಎಲ್. ಹೊಸದಾಗಿ ಕಾರು ಕಲಿಯುವವರು ಹಿಂದೆ ಕೆಂಪಗೆ ಬರೆದುಕೊಂಡಿರುತ್ತಾರಲ್ಲ, ಆ ಎಲ್ ನೆನಪಾಗಿ ಅಷ್ಟರಲ್ಲೂ ನಗು ಬಂತು. ಒಲೆ ನನ್ನನ್ನು ಸರಿಯಾಗಿಯೇ ಗುರುತು ಹಿಡಿದಿದೆ ಅಂದುಕೊಂಡೆ.

ಹನ್ನೆರಡಾಯಿತು. ಅಕ್ಕಿ ತೊಳೆದಿಟ್ಟಿದ್ದೆ, ಅದು ನೆನೆಯುತ್ತಾ ಕೂತಿತ್ತು. ಮೈಕ್ರೊವೇವಿನಲ್ಲಿ ಅನ್ನ ಮಾಡಬಹುದು ಎಂದು ಸೊಸೆ ಹೇಳಿದ್ದಳು. ಆ ಚಿತ್ರಗಳ ಮುಂದೆ ನಿಂತು, ಇದೂ ಕೆಟ್ಟರೆ ಎರಡು ಕೆಡಿಸಿದ ಹಾಗಾಗುತ್ತದೆ ಎನಿಸಿ ಹಿಂದಕ್ಕೆ ಬಂದೆ. ಡಬ್ಬಿಯಿಂದ ಒಂದು ಹಿಡಿ ಅವಲಕ್ಕಿ ತೆಗೆದು, ತೊಯಿಸಿ, ಮೊಸರು ಉಪ್ಪು ಕಲಸಿಕೊಂಡು ತಿಂದೆ.

ಹನ್ನೆರಡೂವರೆಗೆ ಸೊಸೆಯ ಫೋನು. ದಿನಾ ಅದೇ ಹೊತ್ತಿಗೆ ಬರುತ್ತದೆ. ‘ಆಯಿ, ಜೇವಲಾತ್ ಕಾ?’ ಊಟ ಆಯಿತೇ ಎಂದು ಕೇಳುತ್ತಿದ್ದಾಳೆ. ಒಲೆ ಹೊತ್ತುತ್ತಿಲ್ಲ ಅನ್ನಬಹುದಿತ್ತು. ಅಂದರೆ ‘ಇರಲಿ ಬಿಡಿ, ನಾಳೆಯಿಂದ ಬೆಳಿಗ್ಗೆಯೇ ನಿಮಗೂ ಮಾಡಿಟ್ಟು ಹೋಗ್ತೀನಿ’ ಅನ್ನುತ್ತಾಳೆ. ಬಾಯಿಗೆ ಬಂದದ್ದು ಬೇರೆ: ‘ಆಜ್ ಮಾಝಾ ಉಪವಾಸ್ ಆಹೆ.’ ಶ್ರಾವಣ ಸೋಮವಾರ, ಅವಳಿಗೆ ಅನುಮಾನವೇ ಬರಲಿಲ್ಲ. ‘ಬರಂ ಬರಂ, ಹಣ್ಣು ತಿನ್ನಿ’ ಎಂದು ಇಟ್ಟಳು.

ಫೋನು ಕೈಯಲ್ಲೇ ಇತ್ತು. ನಾನು ಮರಾಠಿಯಲ್ಲಿ ಆಡಿದ ಮಾತು ನನ್ನ ಕಿವಿಗೇ ಕನ್ನಡದಲ್ಲಿ, ಬೇರೆ ಯಾರದೋ ದನಿಯಲ್ಲಿ ಕೇಳಿಸಿತು: ‘ಇವತ್ತ ನಂದು ಒಪ್ಪತ್ತದವಾ.’

ಅದು ಅತ್ತೆಯವರ ದನಿ.

ಮಾವನವರು ತೀರಿಕೊಂಡ ಮೇಲೆ, 1986ರ ದೀಪಾವಳಿ ಕಳೆದು ಅತ್ತೆಯವರು ಡೊಂಬಿವಲಿಗೆ ಬಂದರು. ರೋಣದ ಕಡೆಯ ಹಳ್ಳಿಯವರು, ಅಲ್ಲಿಯವರೆಗೆ ಹುಬ್ಬಳ್ಳಿಯಿಂದಾಚೆ ಬಂದವರಲ್ಲ. ನಮ್ಮದು ಒಂದು ಖೋಲಿ, ಒಂದು ಅಡುಗೆಮನೆ. ಮೊದಲು ನೂತನ್ ಬತ್ತಿ ಸ್ಟೋವಿನ ಮೇಲೆ ಅಡುಗೆ. ರೇಷನ್ನಿನ ಸೀಮೆಎಣ್ಣೆಗೆ ಸಾಲು ನಿಂತು ಸಾಕಾಗಿತ್ತು. ನಂಬರ್ ಹಚ್ಚಿ ವರ್ಷಗಟ್ಟಲೆ ಕಾದ ಮೇಲೆ ಅದರ ಹಿಂದಿನ ವರ್ಷವಷ್ಟೇ ಗ್ಯಾಸು ಬಂದಿತ್ತು. ಆ ಕೆಂಪು ಸಿಲಿಂಡರಿಗೆ ನಾನು ಅರಿಶಿನ ಕುಂಕುಮ ಹಚ್ಚಿ ಪೂಜೆ ಮಾಡಿದ್ದೆ.

ಅತ್ತೆಯವರಿಗೆ ಬೆಂಕಿ ಗೊತ್ತಿರಲಿಲ್ಲವೆಂದಲ್ಲ. ಅವರಷ್ಟು ಬೆಂಕಿ ಬಲ್ಲವರನ್ನು ನಾನು ಮತ್ತೆ ಕಂಡಿಲ್ಲ. ಮದುವೆಯ ಹೊಸತರಲ್ಲಿ ಊರಿಗೆ ಹೋದಾಗ ನೋಡಿದ್ದೇನೆ. ಕುಳ್ಳು ಎಷ್ಟು, ಹತ್ತಿಕಟ್ಟಿಗೆ ಎಷ್ಟು ಎಂದು ಒಲೆಗೆ ಒಡ್ಡಿ, ಕೊಳವಿಯಿಂದ ಎರಡು ಸಲ ಊದಿದರೆ ಬೇಕಾದಷ್ಟೇ ಉರಿ. ಹಂಚಿನ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, ಅದು ಚುಂಯ್ ಅನ್ನುವ ಬಗೆಯಿಂದಲೇ ರೊಟ್ಟಿಗೆ ಹದವಾಯಿತೋ ಇಲ್ಲವೋ ಹೇಳುತ್ತಿದ್ದರು. ರಾತ್ರಿ ಕೆಂಡಕ್ಕೆ ಬೂದಿ ಮುಚ್ಚಿ, ಬೆಳಿಗ್ಗೆ ಅದೇ ಕೆಂಡದಿಂದ ಒಲೆ ಹೊತ್ತಿಸುತ್ತಿದ್ದರು. ಕಡ್ಡಿಪೆಟ್ಟಿಗೆ ಅವರಿಗೆ ಬೇಕಾಗುತ್ತಿದ್ದುದೇ ಅಪರೂಪ.

ಇಲ್ಲಿ ಅದೇ ಅತ್ತೆ ಗ್ಯಾಸಿನ ಕಟ್ಟೆಯಿಂದ ನಾಲ್ಕು ಅಡಿ ದೂರ ನಿಲ್ಲುತ್ತಿದ್ದರು. ‘ವಾಸನಿ ಬರ್ಲಿಕ್ಕೆ ಹತ್ತೇದ ನೋಡವಾ’ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಅಡುಗೆ ಗ್ಯಾಸಿಗೆ ತನ್ನದೆಂಬ ವಾಸನೆಯಿಲ್ಲ. ಸೋರಿದರೆ ಜನಕ್ಕೆ ತಿಳಿಯಲೆಂದು ಮರ್‌ಕ್ಯಾಪ್ಟನ್ ಎಂಬ ಗಬ್ಬು ವಾಸನೆಯ ವಸ್ತುವನ್ನು ಬೇಕೆಂದೇ ಬೆರೆಸಿರುತ್ತಾರೆ. ಇದು ಗೊತ್ತಿದ್ದ ನಾನು, ‘ಅದು ಹಂಗ ಇರತದ್ರಿ ಅತ್ತೆ’ ಎಂದು ಮಾತು ಮುಗಿಸುತ್ತಿದ್ದೆ. ನನಗೆ 7.42ರ ಲೋಕಲ್ ಹಿಡಿಯಬೇಕಿತ್ತು.

ನಮ್ಮಿಬ್ಬರ ಡಬ್ಬಿಗೆ ಚಪಾತಿ–ಪಲ್ಯ ಬೆಳಿಗ್ಗೆ ಆರಕ್ಕೇ ಆಗುತ್ತಿತ್ತು. ಅತ್ತೆಯವರಿಗೆ ಸ್ನಾನ, ಪೂಜೆ ಮುಗಿದು ಊಟವಾಗುವುದು ಹನ್ನೆರಡರ ಮೇಲೆ. ‘ನನಗ ತಂಗಳ ಬ್ಯಾಡ. ಬಿಸಿ ಅನ್ನ ನಾನ ಮಾಡ್ಕೋತೀನಿ, ನೀ ಹೋಗವಾ’ ಎಂದು ಅವರೇ ಮೊದಲ ದಿನ ಹೇಳಿದ್ದರು. ನನಗೂ ಅದು ಅನುಕೂಲವೇ ಆಯಿತು, ಬೆಳಗಿನ ಹದಿನೈದು ನಿಮಿಷ ಉಳಿಯಿತು. ಸೆರಗು ಸಿಕ್ಕಿಸಿಕೊಳ್ಳುತ್ತಲೇ ಒಲೆ ಹಚ್ಚುವುದನ್ನು ತೋರಿಸಿದೆ: ‘ಮೊದಲ ಕಡ್ಡಿ ಗೀರ್ರಿ, ಆಮ್ಯಾಲೆ ಗುಂಡಿ ತಿರುಗಸ್ರಿ. ಇಷ್ಟ.’ ಎಷ್ಟು ಸಲ ತೋರಿಸಿದೆ? ಒಂದು ಸಲ.

ಮೊದಲ ಭಾನುವಾರ ನಾವಿಬ್ಬರೂ ಮನೆಯಲ್ಲಿದ್ದಾಗ ಅವರು ತಾವಾಗಿಯೇ ಒಲೆ ಹಚ್ಚಲು ಹೋದರು. ಗುಂಡಿಯನ್ನೇ ಮೊದಲು ತಿರುಗಿಸಿದರು. ಒಂದು ಕಡ್ಡಿ ಮುರಿಯಿತು, ಇನ್ನೊಂದೂ ಮುರಿಯಿತು. ಮೂರನೆಯದು ಹೊತ್ತುವ ಹೊತ್ತಿಗೆ ಗ್ಯಾಸು ತುಂಬಿ ಭಗ್ಗೆಂದಿತು. ಹಣೆಯ ಮೇಲಿನ ನಾಲ್ಕು ಕೂದಲು ಸುಟ್ಟವು, ಬೇರೇನೂ ಆಗಲಿಲ್ಲ. ಏನೂ ಆಗಲಿಲ್ಲವೆಂದು ಗೊತ್ತಾದ ಮೇಲೆ ನಾವು ನಕ್ಕೆವು. ಯಜಮಾನರು ನಕ್ಕರು, ನಾನು ಅವರಿಗಿಂತ ಜಾಸ್ತಿ ನಕ್ಕೆ. ಆಮೇಲೆ ಮನೆಗೆ ಬಂದವರಿಗೆಲ್ಲ ಈ ಕತೆ ಹೇಳುತ್ತಿದ್ದೆ. ಅತ್ತೆ ತೋಳು ಉದ್ದ ಚಾಚಿ, ಮುಖ ಆ ಕಡೆ ತಿರುಗಿಸಿ ಕಡ್ಡಿ ಹಿಡಿದದ್ದನ್ನು ನಟಿಸಿ ತೋರಿಸುತ್ತಿದ್ದೆ. ಚೆನ್ನಾಗಿಯೇ ನಟಿಸುತ್ತಿದ್ದೆ. ಅತ್ತೆಯವರೂ ಅಲ್ಲೇ ಕೂತು ನಗುತ್ತಿದ್ದರು.

ಒಪ್ಪತ್ತುಗಳು ಶುರುವಾದದ್ದು ಅದರ ಮುಂದಿನ ವಾರ. ಸೋಮವಾರ ಈಶ್ವರನದು, ಗುರುವಾರ ರಾಯರದು, ಶನಿವಾರ ಹನುಮಪ್ಪನದು. ನಡುವೆ ಸಂಕಷ್ಟಿ, ಏಕಾದಶಿ ಇದ್ದೇ ಇದ್ದವು. ರಾತ್ರಿ ನಾನು ಬಂದು ಅಡುಗೆ ಮಾಡಿದ ಮೇಲೆ ಊಟ. ವಾರದಲ್ಲಿ ಅವರು ಹಗಲು ಉಂಡ ದಿನವೇ ಕಡಿಮೆ. ಉಂಡೆ ಅಂದ ದಿನವೂ ಉಂಡರೋ ಇಲ್ಲವೋ, ತೊಳೆದಿಟ್ಟ ಬೋಗುಣಿಯನ್ನು ನಾನೇನು ಮುಟ್ಟಿ ನೋಡಿರಲಿಲ್ಲ. ಪಕ್ಕದ ಮನೆಯ ಮರಾಠಿ ಹೆಂಗಸರು ‘ಎಂಥಾ ನೇಮದ ಮುದುಕಿ’ ಎಂದು ಹೊಗಳುತ್ತಿದ್ದರು. ಗಾಡಿಯಲ್ಲಿ ಗೆಳತಿಯರೆದುರು ನಾನೂ ಹೇಳಿಕೊಳ್ಳುತ್ತಿದ್ದೆ, ಸ್ವಲ್ಪ ಹೆಮ್ಮೆಯಿಂದ, ಸ್ವಲ್ಪ ತಮಾಷೆಯಿಂದ. ಆಗ ಮನೆಯಲ್ಲಿ ಅವಲಕ್ಕಿ ಬೇಗ ಬೇಗ ಮುಗಿಯುತ್ತಿತ್ತು. ತಿಂಗಳಿಗೆ ಒಂದು ಕಿಲೋ ಸಾಕಾಗುತ್ತಿದ್ದದ್ದು ಮೂರು ಕಿಲೋ ಬೇಕಾಗುತ್ತಿತ್ತು. ಲೆಕ್ಕ ಬರೆಯುವ ಕೆಲಸದವಳು ನಾನು. ಕಿರಾಣಿ ಪಟ್ಟಿಯಲ್ಲಿ ಒಂದನ್ನು ಹೊಡೆದು ಮೂರು ಎಂದು ಬರೆದೆನೇ ಹೊರತು ಯಾಕೆಂದು ಕೇಳಲಿಲ್ಲ.

ಬೇಸಿಗೆಗೆ ಅವರು ಊರಿಗೆ ಹೋಗುತ್ತೇನೆಂದರು. ‘ಇಲ್ಲಿ ನೀರು ನನಗ ಒಗ್ಗವಲ್ದು’ ಎಂದರು. ಹಿತ್ತಾಳೆಯ ಬೋಗುಣಿಯನ್ನು ಇಲ್ಲೇ ಬಿಟ್ಟು ಹೋದರು. ಮತ್ತೆ ಬರಲಿಲ್ಲ. 1995ರಲ್ಲಿ ತೀರಿಕೊಂಡರು.

ಇದೆಲ್ಲ ಒಂದರ ಹಿಂದೊಂದು ನೆನಪಾಗಿ, ತಡೆಯಲಾರದೆ ಹುಬ್ಬಳ್ಳಿಯ ನಾದಿನಿಗೆ ಫೋನ್ ಹಚ್ಚಿದೆ. ಅದೂ ಇದೂ ಮಾತಾಡಿ, ‘ಅವ್ವನವರು ಊರಾಗ ಸೋಮವಾರ, ಗುರುವಾರ ಒಪ್ಪತ್ತು ಮಾಡತಿದ್ರೇನ?’ ಎಂದು ಕೇಳಿದೆ.

‘ಯಾರು, ನಮ್ಮವ್ವನ?’ ಅವಳು ಜೋರಾಗಿ ನಕ್ಕಳು. ‘ಆಕೀಗೆ ಹಸಿವು ತಡೀತಿದ್ದಿಲ್ಲ ವೈನಿ. ಏಕಾದಶಿ ಒಂದ ಹೆಂಗೋ ದಬ್ಬತಿದ್ಲು. ಹನ್ನೆರಡ ಹೊಡೀತಂದ್ರ ತಾಟ ಹಾಕ್ಕೊಂಡ ಕೂಡಾಕಿ. ಯಾಕ, ಏನಾತು?’

‘ಏನಿಲ್ಲ, ಸುಮ್ಮನ ಕೇಳಿದೆ’ ಎಂದೆ.

ನನ್ನ ಊಹೆ ತಪ್ಪಿರಲೂಬಹುದು. ಗಂಡ ಸತ್ತ ಹೊಸತು, ದುಃಖಕ್ಕೆ ನೇಮ ಹಿಡಿದಿರಬಹುದು. ಹಾಗೆಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ಮೂರು ಕಿಲೋ ಅವಲಕ್ಕಿಯ ಲೆಕ್ಕ ಅದಕ್ಕೆ ಕೂಡಿ ಬರಲಿಲ್ಲ. ಹಸಿವು ತಡೆಯದ ಹೆಂಗಸೊಬ್ಬಳು ಮಗನ ಮನೆಯಲ್ಲಿ ಐದಾರು ತಿಂಗಳು ನೆನೆಸಿದ ಅವಲಕ್ಕಿಯ ಮೇಲೆ ಹಗಲು ಕಳೆದಳು. ಅವಳನ್ನು ತಡೆದದ್ದು ಆ ಗುಂಡಿಯಷ್ಟೇ ಅಲ್ಲ. ಗುಂಡಿಯನ್ನು ಇನ್ನೆರಡು ಸಲ ತೋರಿಸಿಕೊಟ್ಟಿದ್ದರೆ ಕಲಿಯುತ್ತಿದ್ದಳು. ಎರಡನೆಯ ಸಲ ಕೇಳುವ ದಾರಿಯನ್ನು ನಾನು ನಕ್ಕು ಮುಚ್ಚಿದ್ದೆ.

ಮೂರೂವರೆಗೆ ಮೊಮ್ಮಗಳು ಬಂದಳು. ಎಲ್ ತೋರಿಸಿದೆ. ಅವಳು ಚೀಲ ಕೂಡ ಇಳಿಸದೆ ಬೀಗದ ಚಿತ್ರದ ಮೇಲೆ ಬೆರಳಿಟ್ಟು, ಒಂದು, ಎರಡು, ಮೂರು ಎಂದು ಎಣಿಸಿದಳು. ಎಲ್ ಹೋಯಿತು, ಅಂಕಿ ಬಂತು. ‘ಲಾಕ್ ಆಗಿತ್ತಜ್ಜಿ. ಇದು ಚೈಲ್ಡ್ ಲಾಕ್. ಸಣ್ಣ ಮಕ್ಕಳು ಹಚ್ಚಬಾರದು ಅಂತ ಇರ್ತದ.’ ಹಿಂದಿನ ರಾತ್ರಿ ಗಾಜು ಒರೆಸುವಾಗ ಬಟ್ಟೆ ಅಲ್ಲಿ ನಿಂತಿರಬೇಕು. ಒರೆಸಿದ್ದು ನಾನೇ.

ಆ ಸಂಜೆ ಸೊಸೆ ಬಂದು ಚಪ್ಪಲಿ ಬಿಡುತ್ತಿದ್ದಾಗಲೇ ಹೇಳಿಬಿಟ್ಟೆ. ಉಪವಾಸ ಸುಳ್ಳು, ಒಲೆ ಹಚ್ಚಲಿಕ್ಕೆ ಬರಲಿಲ್ಲ, ಕೇಳಲಿಕ್ಕೆ ನಾಚಿಕೆಯಾಯಿತು ಎಂದೆ. ಅವಳಿಗೆ ನಗು ಬಂತು. ಬರುವಂಥದ್ದೇ ಅದು, ಅರವತ್ತೈದರ ಮುದುಕಿಗೆ ಚೈಲ್ಡ್ ಲಾಕ್ ಬಿದ್ದಿದ್ದರೆ ಯಾರಿಗಾದರೂ ನಗು ಬರುತ್ತದೆ. ಆದರೆ ಅರ್ಧ ನಕ್ಕವಳು ನನ್ನ ಮುಖ ನೋಡಿ ನಿಲ್ಲಿಸಿದಳು. ನಾನು ಅಂದು ನಿಲ್ಲಿಸಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ‘ಆಯಿ, ಆ ಮೈಕ್ರೊವೇವಿನ ಫ್ಯಾನಿನ ಚಿತ್ರ ನಾನೂ ಇವತ್ತಿನ ತನಕ ಮುಟ್ಟಿಲ್ಲ. ಹೆದರಿಕೆ’ ಎಂದಳು. ರಾತ್ರಿ ಊಟವಾದ ಮೇಲೆ ಇಬ್ಬರೂ ಕೂತು, ಡ್ರಾಯರಿನ ತಳದಲ್ಲಿದ್ದ ಆ ಪುಸ್ತಕವನ್ನು ಮೊದಲ ಸಲ ಬಿಡಿಸಿದೆವು. ನಾನು ನನ್ನ ಹಳೆಯ ಲೆಡ್ಜರಿನ ಅಭ್ಯಾಸದಂತೆ ಒಂದು ವಹಿಯಲ್ಲಿ ಕನ್ನಡದಲ್ಲಿ ಬರೆದುಕೊಂಡೆ: ಒಗ್ಗರಣೆ 800, ಅನ್ನ ಕುದಿ ಬರುವ ತನಕ 1600, ಆಮೇಲೆ 400. ಎಲ್ ಬಂದರೆ ಬೀಗದ ಮೇಲೆ ಮೂರು ಎಣಿಸುವುದು. ಒಮ್ಮೆ ಬರೆದು, ಮೂರು ಸಲ ಮಾಡಿ ನೋಡಿದೆ. ಅವಳು ಮೂರು ಸಲವೂ ಪಕ್ಕದಲ್ಲಿ ನಿಂತಿದ್ದಳು, ಕೈ ಮುಂದೆ ಮಾಡಲಿಲ್ಲ.

ಭಯ ಪೂರ್ತಿ ಹೋಗಿಲ್ಲ. ಚಿಮಣಿ ಈಗಲೂ ತನಗೆ ತೋಚಿದಾಗ ಶುರುವಾಗುತ್ತದೆ. ಜೋಳದ ರೊಟ್ಟಿಗೆ ಇನ್ನೂ ದಾರಿ ಸಿಕ್ಕಿಲ್ಲ. ಫೇಲಾದ ಹಿತ್ತಾಳೆಯ ಬೋಗುಣಿಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ, ನೀರು ತುಂಬಿ ಕಟ್ಟೆಯ ಮೇಲೆ ಇಟ್ಟಿದ್ದೇನೆ.

ಸೊಸೆ ಈಗಲೂ ಹನ್ನೆರಡೂವರೆಗೆ ಫೋನ್ ಮಾಡುತ್ತಾಳೆ. ಆದರೆ ಜೇವಲಾತ್ ಕಾ ಎನ್ನುವುದನ್ನು ಬಿಟ್ಟಿದ್ದಾಳೆ. ‘ಆಜ್ ಕಾಯ್ ಕೇಲಂತ್?’ ಎನ್ನುತ್ತಾಳೆ, ಇವತ್ತು ಏನು ಮಾಡಿಕೊಂಡಿರಿ? ಊಟ ಆಯಿತೇ ಎಂದರೆ ಆಯಿತು ಎಂದು ತೇಲಿಸಬಹುದು. ಏನು ಮಾಡಿದಿರಿ ಎಂದರೆ ಮಾಡಿದ್ದನ್ನು ಹೇಳಬೇಕಾಗುತ್ತದೆ. ಡೊಂಬಿವಲಿಯಲ್ಲಿ ನಾನು ದಿನಾ ಸಂಜೆ ಬಾಗಿಲಲ್ಲೇ ‘ಊಟ ಆತೇನ್ರಿ ಅತ್ತೆ?’ ಎಂದು ಕೇಳುತ್ತಿದ್ದೆ, ಉತ್ತರಕ್ಕೆ ಕಾಯದೆ ಒಳಗೆ ನಡೆಯುತ್ತಿದ್ದೆ. ಏನು ಮಾಡಿಕೊಂಡಿದ್ದಿರಿ ಎಂದು ಒಂದು ದಿನವೂ ಕೇಳಲಿಲ್ಲ.

ನಿನ್ನೆ ಸೋಮವಾರ. ಹನ್ನೆರಡೂವರೆಗೆ ಫೋನು ಬಂತು. ‘ಬಿಸಿ ಅನ್ನ, ತೊವ್ವೆ’ ಎಂದೆ. ‘ತಳ ಸ್ವಲ್ಪ ಹತ್ತಿತು.’